ಮೇವಿನಂತೆ ಹಾಲು

ಇಂಗ್ಲಿಷ್-ಕನ್ನಡ ನಿಘಂಟುಗಳಲ್ಲಿ 'ಚೀಸ್' ಎಂಬ ಶಬ್ದಕ್ಕೆ ಅರ್ಥ ಹುಡುಕಿದರೆ ಸಾಮಾನ್ಯವಾಗಿ 'ಗಿಣ್ಣು' ಎಂಬ ಪದ ದೊರೆಯುತ್ತದೆ. ಈ ಅರ್ಥವನ್ನು ನಮ್ಮ ಮನೆಗಳ ಹೆಣ್ಣುಮಕ್ಕಳು ಒಪ್ಪಲಾರರು. ಅವರಿಗೆ ಗಿಣ್ಣವೆಂದರೆ ಆಕಳೋ ಎಮ್ಮೆಯೋ ಈದ ಮೇಲೆ ಮೊದಲ ಎರಡು ಮೂರು ದಿನ ಕೊಡುವ ಮಂದವಾದ ಹಾಲನ್ನು ಬೆಲ್ಲ ಯಾಲಕ್ಕಿ ಕೂಡಿಸಿ ಹಬೆಯಲ್ಲಿ ಬೇಯಿಸಿದಾಗ ಆಗುವ ತಿನಿಸು. ಪೇಟೆಯಲ್ಲಿ ಡಬ್ಬಿಯೊಳಗೆ ಮಾರುವ ಚೀಸ್ ಅದಲ್ಲ. ಆದರೂ ನಿಘಂಟುಕಾರರು ದಾರಿ ತಪ್ಪಿದರೆಂದು ಹೇಳುವಂತಿಲ್ಲ. ಎರಡರಲ್ಲಿಯೂ ನಡೆಯುವ ಕೆಲಸ ಒಂದೇ ಜಾತಿಯದು. ಹಾಲಿನಲ್ಲಿ ಕಣ್ಣಿಗೆ ಕಾಣದಂತೆ ಬೆರೆತಿರುವ ಘನಪದಾರ್ಥವು ಒಂದುಗೂಡಿ ಗಟ್ಟಿಯಾಗಿ ನಿಲ್ಲುತ್ತದೆ. ಗಿಣ್ಣದಲ್ಲಿ ಈ ಕೆಲಸವನ್ನು ಬರಿಯ ಬಿಸಿ ಮಾಡುತ್ತದೆ. ಪನೀರಿನಲ್ಲಿ ಬಿಸಿಯೂ ಹುಳಿಯೂ ಕೂಡಿ ಮಾಡುತ್ತವೆ. ಚೀಸಿನಲ್ಲಿ ಒಂದು ಕಿಣ್ವ ಮಾಡುತ್ತದೆ. ಹಿಂದೆ ಆ ಕಿಣ್ವವನ್ನು ಎಳೆಗರುವಿನ ಜಠರದಿಂದ ತೆಗೆಯುತ್ತಿದ್ದರು. ಈಗ ಅದನ್ನು ಹೆಚ್ಚಾಗಿ ಸೂಕ್ಷ್ಮಜೀವಿಗಳಿಂದ ಪಡೆಯುತ್ತಾರೆ.

ಈ ವಿದ್ಯೆಯೆಲ್ಲ ಪರದೇಶದಿಂದಲೇ ಬಂದುದೆಂದು ತಿಳಿಯಬೇಕಾಗಿಲ್ಲ. ನಮ್ಮ ಕೊಹಿನೂರಿಗೆ ತಾಲ್ಲೂಕಿನ ಊರಾದ ಬಸವಕಲ್ಯಾಣವು ಒಂದು ಕಾಲಕ್ಕೆ ಕಲ್ಯಾಣ ಚಾಲುಕ್ಯರ ರಾಜಧಾನಿ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. 'ಅಭಿಲಷಿತಾರ್ಥ ಚಿಂತಾಮಣಿ' ಎಂಬುದು ಅದರ ಇನ್ನೊಂದು ಹೆಸರು. ಅರಸನ ಊಟದ ವಿಷಯವನ್ನು ಹೇಳುವ ಕಡೆ, ಕಾಯಿಸಿದ ಹಾಲಿಗೆ ಹುಳಿ ಕೂಡಿಸಿ ಒಡೆಯಿಸಿ, ಗಟ್ಟಿಯಾದ ಭಾಗವನ್ನು ಸೋಸಿ ತೆಗೆದು, ಅದರಿಂದ 'ಕ್ಷೀರಪ್ರಕಾರ'ವೆಂಬ ಸಿಹಿ ತಿನಿಸನ್ನು ಮಾಡುವ ಕ್ರಮ ಬರುತ್ತದೆ. ಎಂದರೆ ಸುಮಾರು ಒಂಬತ್ತು ನೂರು ವರ್ಷಗಳ ಹಿಂದೆಯೇ ಹಾಲನ್ನು ಗಟ್ಟಿಮಾಡುವ ಕೆಲಸ ಕಲ್ಯಾಣದ ಅಡುಗೆಯವರಿಗೆ ಕೈವಶವಾಗಿತ್ತು.

ನಾನು ಇಂದು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಗಟ್ಟಿಮಾಡುವ ಕೈಚಳಕವನ್ನು ಕುರಿತಲ್ಲ. ಗಟ್ಟಿಯಾದ ಮೇಲೆ ನಾಲಿಗೆಗೆ ತಿಳಿಯುವ ರುಚಿ ಎಲ್ಲಿಂದ ಬಂತು ಎಂಬುದನ್ನು ಕುರಿತು. ಒಂದು ಕಿಲೋ ಗಟ್ಟಿ ಚೀಸ್ ಆಗಬೇಕಾದರೆ ಸುಮಾರು ಹತ್ತು ಲೀಟರ್ ಆಕಳ ಹಾಲು ಬೇಕು. ಒಂದು ಕಿಲೋ ಪನೀರಿಗೆ ಐದಾರು ಲೀಟರ್ ಎಮ್ಮೆಯ ಹಾಲು ಬೇಕು. ನೀರು ಹೋಗಿ ಸಾರ ಉಳಿಯುತ್ತದೆ. ಒಂದು ಲೋಟ ಹಾಲಿನಲ್ಲಿ ನಾಲಿಗೆಗೆ ತಾಕದಷ್ಟು ಸಣ್ಣದಾಗಿದ್ದ ಒಗರು, ಕಹಿ, ಹಸುರಿನ ಕಂಪು, ಹಿಂಡಿಯ ವಾಸನೆ ಎಲ್ಲವೂ ಆ ಗಟ್ಟಿಯಲ್ಲಿ ಮುಖವೆತ್ತಿ ನಿಲ್ಲುತ್ತವೆ. ಚೀಸಿನ ವಿಷಯದಲ್ಲಿ ನಿಜವಾದುದು ಬೆಣ್ಣೆ, ತುಪ್ಪ, ಖವಾಗಳ ವಿಷಯದಲ್ಲಿಯೂ ನಿಜ. ಆದುದರಿಂದ ಒಳ್ಳೆಯ ಚೀಸ್ ಮಾಡುವವರು ಮೊದಲು ನೋಡುವುದು ಎರಡು ಸಂಗತಿಗಳನ್ನು: ಹಾಲು ಯಾವ ಪ್ರಾಣಿಯದು, ಅದರ ಗೋದಲಿಯಲ್ಲಿ ಏನಿತ್ತು.

ಮೊದಲು ಪ್ರಾಣಿಯ ಮಾತು. ಚರಕಸಂಹಿತೆಯಲ್ಲಿ ಎಂಟು ಬಗೆಯ ಹಾಲನ್ನು ಎಣಿಸಿದ್ದಾರೆ: ಕುರಿ, ಆಡು, ಆಕಳು, ಎಮ್ಮೆ, ಒಂಟೆ, ಆನೆ, ಕುದುರೆ ಮತ್ತು ಮಾನವ ಸ್ತ್ರೀ. ನಮ್ಮ ಕಡೆಗೆ ಬೇಕಾದವು ಇವುಗಳಲ್ಲಿ ನಾಲ್ಕು. ಆಕಳ ಹಾಲಿನಲ್ಲಿ ಕೊಬ್ಬು ನೂರಕ್ಕೆ ನಾಲ್ಕರ ಆಸುಪಾಸು. ಎಮ್ಮೆಯ ಹಾಲಿನಲ್ಲಿ ಏಳರ ಆಸುಪಾಸು. ಆಡಿನದು ಆಕಳಿಗೆ ಸಮೀಪ. ಕುರಿಯದು ಎಮ್ಮೆಗೆ ಸಮೀಪ. ಎಮ್ಮೆಯ ಹಾಲಿನಲ್ಲಿ ಗಟ್ಟಿಯಾಗುವ ಪ್ರೋಟೀನೂ ಸುಣ್ಣದ ಅಂಶವೂ ಹೆಚ್ಚು. ಅದಕ್ಕಾಗಿಯೇ ಪನೀರಿಗೆ ಎಮ್ಮೆಯ ಹಾಲು ಚೆನ್ನು. ತುಂಡು ಮಾಡಿದರೆ ಅಂಚು ಬಿಡದೆ ನಿಲ್ಲುತ್ತದೆ. ರಸಗುಲ್ಲದ ಛೇನಾಕ್ಕೆ ಆಕಳ ಹಾಲೇ ಬೇಕೆಂದು ಬಂಗಾಳದ ಮಿಠಾಯಿಯವರು ಹಟ ಹಿಡಿಯುತ್ತಾರೆ. ಅದರ ಗಟ್ಟಿ ಮೃದುವಾಗಿ ಸಕ್ಕರೆಯ ಪಾಕವನ್ನು ಹೀರುತ್ತದೆ. ಇಟಲಿಯವರೂ ತಮ್ಮ ಹೆಸರಾದ ಬಿಳಿಯ ಮೊಜರೆಲ್ಲಾವನ್ನು ನೇಪಲ್ಸ್ ಕಡೆಯಲ್ಲಿ ಎಮ್ಮೆಯ ಹಾಲಿನಿಂದಲೇ ಮಾಡುತ್ತಾರೆಂದು ಕೇಳಿದರೆ ನಮ್ಮ ಗೌಳಿಗರಿಗೆ ಸಂತೋಷವಾದೀತು.

ಬಣ್ಣದ ಭೇದವೂ ಇಲ್ಲಿಯೇ ಇದೆ. ಹಸುರು ಮೇವಿನಲ್ಲಿ ಕ್ಯಾರೋಟೀನ್ ಎಂಬ ಹಳದಿ ಬಣ್ಣದ ಅಂಶವಿರುತ್ತದೆ. ಆಕಳು ಅದರಲ್ಲಿ ಒಂದು ಪಾಲನ್ನು ಹಾಗೆಯೇ ಹಾಲಿನ ಕೊಬ್ಬಿಗೆ ಬಿಡುತ್ತದೆ. ಎಮ್ಮೆ ಅದನ್ನು ತನ್ನೊಳಗೇ ಬಣ್ಣವಿಲ್ಲದ 'ಎ' ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುತ್ತದೆ. ಹೀಗಾಗಿ ಆಕಳ ಬೆಣ್ಣೆ ಹಳದಿ, ಎಮ್ಮೆಯ ಬೆಣ್ಣೆ ಬಿಳಿ. ಮಳೆಗಾಲದಲ್ಲಿ ಬದುವಿನ ಹುಲ್ಲು ತಿಂದ ಆಕಳ ಬೆಣ್ಣೆ ಅರಿಸಿನದ ಛಾಯೆ ತಾಳುತ್ತದೆ; ಬೇಸಗೆಯಲ್ಲಿ, ಬಿಸಿಲಿಗೆ ಬಣ್ಣ ಹಾರಿದ ಒಣ ಕಣಿಕೆಯೇ ಗತಿಯಾದಾಗ, ಅದೇ ಆಕಳ ಬೆಣ್ಣೆ ಬಿಳಿಚಿಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿಯೂ ಚಳಿಗಾಲದ ಚೀಸು ಬಿಳಿಚಿದಾಗ ಅದಕ್ಕೆ ಒಂದು ಬಗೆಯ ಕೆಂಪು ಬೀಜದ ಬಣ್ಣವನ್ನು ಕೂಡಿಸುವ ರೂಢಿ ಬೆಳೆಯಿತು. ಮೇವು ಕೊಡದ ಬಣ್ಣವನ್ನು ವ್ಯಾಪಾರಿ ಕೊಟ್ಟ ಎಂದ ಹಾಗಾಯಿತು.

ಆಡಿನ ಹಾಲಿಗೆ ಒಂದು ವಿಶೇಷ ವಾಸನೆ ಉಂಟೆಂದು ಎಲ್ಲರೂ ಬಲ್ಲರು. ಅದರ ಕೊಬ್ಬಿನಲ್ಲಿರುವ ಮೂರು ಆಮ್ಲಗಳಿಗೆ ಲ್ಯಾಟಿನ್ ಭಾಷೆಯಲ್ಲಿ ಆಡಿಗಿರುವ 'ಕಾಪ್ರಾ' ಎಂಬ ಹೆಸರಿನಿಂದಲೇ ಕ್ಯಾಪ್ರೋಯಿಕ್, ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಎಂದು ಹೆಸರಿಟ್ಟಿದ್ದಾರೆ. ಹಾಲು ಹೊಸದಾಗಿದ್ದಾಗ ಈ ಆಮ್ಲಗಳು ಕೊಬ್ಬಿನೊಳಗೆ ಕಟ್ಟುಬಿದ್ದಿರುತ್ತವೆ. ಹಾಲು ಹೊಯ್ದಾಡಿದರೆ, ಕಾಯಿಸದೆ ಹೊತ್ತು ಕಳೆದರೆ, ಅವು ಬಿಡುಗಡೆಯಾಗಿ ಕಮಟು ವಾಸನೆ ಬರುತ್ತದೆ. ಹೋತವನ್ನು ಹಾಲು ಕರೆಯುವ ಜಾಗದಿಂದ ದೂರ ಕಟ್ಟಿ, ಕರೆದ ಕೂಡಲೆ ಹಾಲನ್ನು ಸೋಸಿ ಕಾಯಿಸಿದರೆ ಆಡಿನ ಹಾಲನ್ನು ಬೇಡವೆನ್ನುವವರ ಸಂಖ್ಯೆ ಅರ್ಧಕ್ಕೆ ಇಳಿದೀತು.

ಈಗ ಗೋದಲಿಯ ಮಾತಿಗೆ ಬರೋಣ. ಮೇವಿಗೂ ಹಾಲಿಗೂ ಸಂಬಂಧವಿದೆಯೆಂಬ ತಿಳಿವಳಿಕೆ ಹೊಸದಲ್ಲ. ಆಡಿನ ಹಾಲು ಹಗುರವೂ ಹಿತವೂ ಆಗಿರುವುದಕ್ಕೆ ಸುಶ್ರುತಸಂಹಿತೆ ಕಾರಣ ಕೊಡುತ್ತದೆ: ಅದರ ಮೈ ಚಿಕ್ಕದು, ಅದು ಖಾರ ಕಹಿಯ ಸೊಪ್ಪುಗಳನ್ನು ತಿನ್ನುತ್ತದೆ, ನೀರು ಹೆಚ್ಚು ಕುಡಿಯುವುದಿಲ್ಲ, ಸದಾ ಓಡಾಡುತ್ತಿರುತ್ತದೆ. ಹಿತವೆಷ್ಟು ಎಂಬುದನ್ನು ವೈದ್ಯರಿಗೆ ಬಿಡೋಣ. ಹಾಲಿನ ಗುಣವನ್ನು ಪ್ರಾಣಿಯ ಆಹಾರದಲ್ಲಿ ಹುಡುಕಬೇಕೆಂಬ ಆ ವಿಚಾರದ ರೀತಿಯನ್ನು ಗಮನಿಸಿರಿ.

ಮೇವಿನ ವಾಸನೆ ಹಾಲಿಗೆ ಹೋಗುವುದು ಎರಡು ದಾರಿಗಳಿಂದ. ಒಂದು ಹೊಟ್ಟೆಯ ದಾರಿ. ತಿಂದುದು ಜಠರದ ಮೊದಲ ಕೋಣೆಯಲ್ಲಿ ಹುದುಗುತ್ತದೆ. ಅಲ್ಲಿಂದ ಸಾರ ರಕ್ತಕ್ಕೆ, ರಕ್ತದಿಂದ ಕೆಚ್ಚಲಿಗೆ. ಇನ್ನೊಂದು ಉಸಿರಿನ ದಾರಿ. ಆಕಳು ತೇಗಿದಾಗ ಹೊಟ್ಟೆಯ ವಾಯು ಶ್ವಾಸಕೋಶಕ್ಕೂ ಸೇರುತ್ತದೆ; ಕೊಟ್ಟಿಗೆಯ ಗಾಳಿಯೂ ಅಲ್ಲಿಗೇ ಹೋಗುತ್ತದೆ. ಈರುಳ್ಳಿಯ ವಾಸನೆಯ ಗಾಳಿಯನ್ನು ಆಕಳಿನ ಶ್ವಾಸಕೋಶಕ್ಕೆ ಮಾತ್ರ ಹಾಯಿಸಿ, ತಿನ್ನಲು ಏನೂ ಕೊಡದೆ, ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಅರ್ಧ ಗಂಟೆಯೊಳಗೆ ಹಾಲಿನಲ್ಲಿ ಈರುಳ್ಳಿ ವಾಸನೆ ಕಾಣಿಸಿಕೊಂಡಿತು. ಪ್ರಾಣಿಯ ದೇಹವೇ ಈ ವಾಸನೆಯನ್ನು ಮತ್ತೆ ಹೊರಹಾಕಿಬಿಡುತ್ತದೆ. ಆದರೆ ಅದಕ್ಕೆ ನಾಲ್ಕೈದು ಗಂಟೆಗಳ ಕಾಲ ಬೇಕು. ಇದರಿಂದ ಒಂದು ಸುಲಭವಾದ ನಿಯಮ ಹುಟ್ಟುತ್ತದೆ: ಈರುಳ್ಳಿ ಸೊಪ್ಪು, ಬೆಳ್ಳುಳ್ಳಿ ಸಿಪ್ಪೆ, ಕೋಸಿನ ಎಲೆ, ಮೆಂತ್ಯದ ಹೊಟ್ಟು, ಹುದುಗಿಸಿದ ರಸಮೇವು ಇವನ್ನು ಹಾಲು ಕರೆದ ಮೇಲೆ ಹಾಕಬೇಕು, ಕರೆಯುವ ಮುಂಚೆ ಹಾಕಬಾರದು. ಸಂತೆಯಲ್ಲಿ ಉಳಿದ ತರಕಾರಿಯನ್ನು ಬೆಳಗಿನ ಜಾವ ಎಮ್ಮೆಯ ಮುಂದೆ ಸುರಿದು, ಆರು ಗಂಟೆಗೆ ಕರೆದ ಹಾಲಿಗೆ ವಾಸನೆ ಏಕೆ ಬಂತೆಂದು ಕೇಳಿದರೆ ಎಮ್ಮೆ ಏನು ಉತ್ತರ ಹೇಳೀತು?

ಈ ನಿಯಮವನ್ನು ನಮ್ಮ ಸೀಮೆಗೆ ಹೊಂದಿಸಿ ನೋಡೋಣ. ಕೊಹಿನೂರ, ಬಸವಕಲ್ಯಾಣ, ಹುಮನಾಬಾದ ಕಡೆಯ ನೆಲದಲ್ಲಿ ಕೆಂಪು ಜಂಬಿಟ್ಟಿಗೆಯ ದಿನ್ನೆಗಳೂ ಇವೆ, ಕಪ್ಪು ಎರೆಯ ಹೊಲಗಳೂ ಇವೆ. ಹಿಂಗಾರಿಯ ಬಿಳಿಜೋಳದ ಕಣಿಕೆ ಇಲ್ಲಿಯ ದನಗಳ ವರ್ಷದ ಅನ್ನ. ಅದರ ಜೊತೆಗೆ ತೊಗರಿಯ ಹೊಟ್ಟು, ಕಡಲೆಯ ಹೊಟ್ಟು, ಹೆಸರು ಉದ್ದಿನ ಬಳ್ಳಿ. ಹಿಂಡುವ ಆಕಳಿಗೆ ಸೇಂಗಾ ಹಿಂಡಿ, ಕುಸುಬಿ ಹಿಂಡಿ, ಹತ್ತಿಕಾಳು. ಮಳೆಗಾಲದಲ್ಲಿ ಬದುವಿನ ಹುಲ್ಲು. ಈ ಪಟ್ಟಿಯಲ್ಲಿ ಒಂದೊಂದಕ್ಕೂ ಹಾಲಿನಲ್ಲಿ ಒಂದೊಂದು ಕೆಲಸವಿದೆ.

ಕಣಿಕೆಯಂಥ ನಾರಿನ ಮೇವು ಹೊಟ್ಟೆಯಲ್ಲಿ ಹುದುಗಿದಾಗ ಹುಟ್ಟುವ ಆಮ್ಲದಿಂದಲೇ ಹಾಲಿನ ಕೊಬ್ಬಿನ ದೊಡ್ಡ ಪಾಲು ತಯಾರಾಗುತ್ತದೆ. ಬೇಗ ಹಾಲು ಹೆಚ್ಚಲೆಂದು ಹಿಟ್ಟು ನುಚ್ಚುಗಳನ್ನೇ ಸುರಿದು ಕಣಿಕೆಯನ್ನು ಕಡಿಮೆ ಮಾಡಿದರೆ ಕೊಬ್ಬು ಇಳಿಯುತ್ತದೆ. ಪ್ರಾಣಿಯ ಹೊಟ್ಟೆಯೂ ಕೆಡುತ್ತದೆ. ಹತ್ತಿಕಾಳಿನ ಪರಿಣಾಮವನ್ನು ತುಪ್ಪದ ಪಾತ್ರೆಯಲ್ಲಿ ಕಣ್ಣಾರೆ ಕಾಣಬಹುದು. ಹತ್ತಿಕಾಳು ತಿಂದ ದನದ ತುಪ್ಪ ಗಟ್ಟಿಯಾಗಿ, ಹರಳು ಹರಳಾಗಿ ನಿಲ್ಲುತ್ತದೆ. ಕರಗಲು ಹೆಚ್ಚು ಬಿಸಿ ಬೇಕು. ಅದೇ ಕಾಲಕ್ಕೆ, ಆವಿಯಾಗಿ ಮೂಗಿಗೆ ಬರುವ ಆಮ್ಲಗಳು ಅದರಲ್ಲಿ ಕಡಿಮೆ. ಈ ಭೇದ ಎಷ್ಟು ದೊಡ್ಡದೆಂದರೆ, ತುಪ್ಪ ಶುದ್ಧವೋ ಬೆರಕೆಯೋ ಎಂದು ಪರೀಕ್ಷಿಸುವ ಸರಕಾರದ ನಿಯಮಗಳಲ್ಲಿಯೇ ಹತ್ತಿ ಬೆಳೆಯುವ ಸೀಮೆಯ ತುಪ್ಪಕ್ಕೆ ಬೇರೆ ಅಳತೆಯನ್ನು ಇಡಬೇಕಾಯಿತು. ಇಲ್ಲದಿದ್ದರೆ ಪ್ರಾಮಾಣಿಕನಾದ ರೈತನ ತುಪ್ಪವೂ ಪ್ರಯೋಗಶಾಲೆಯಲ್ಲಿ ಬೆರಕೆಯೆನಿಸಿಕೊಳ್ಳುತ್ತಿತ್ತು. ಗೋದಲಿಯೊಳಗಿನ ಕಾಳು ಕಾನೂನಿನ ಪುಸ್ತಕವನ್ನು ತಿದ್ದಿಸಿದ ಈ ಸಂಗತಿ ನೆನಪಿನಲ್ಲಿಡತಕ್ಕದ್ದು.

ಕುಸುಬಿ, ಸೇಂಗಾಗಳಂತಹ ಎಣ್ಣೆಕಾಳಿನ ಸಾರ ಹೆಚ್ಚಾದರೆ ಬೆಣ್ಣೆ ಮೆತ್ತಗಾಗುತ್ತದೆ. ಹೀಗೆ ಒಂದು ಗಟ್ಟಿಮಾಡುತ್ತದೆ, ಒಂದು ಮೆತ್ತಗೆ ಮಾಡುತ್ತದೆ. ಒಂದು ಬಣ್ಣ ಕೊಡುತ್ತದೆ, ಒಂದು ಕಂಪು ಕೊಡುತ್ತದೆ. ನಮ್ಮ ಹಿರಿಯರು ಇವನ್ನು ಬೆರೆಸಿ ಹಾಕುತ್ತಿದ್ದುದು ಹೊಲದಲ್ಲಿ ಬೆರಕೆಯ ಬೆಳೆ ಇದ್ದುದರಿಂದ. ಅಕ್ಕಡಿಯ ಹೊಲ ಗೋದಲಿಯಲ್ಲಿಯೂ ಅಕ್ಕಡಿಯಾಗಿಯೇ ಬಂದು ಬೀಳುತ್ತಿತ್ತು.

ಆ ಹೊಲ ಈಗ ಬದಲಾಗಿದೆ. ಬೀದರ ಜಿಲ್ಲೆಯ ಮುಂಗಾರಿನ ದೊಡ್ಡ ಬೆಳೆ ಇಂದು ಸೋಯಾ ಅವರೆ. ನೀರಿರುವ ಕಡೆ ಕಬ್ಬು. ಸೋಯಾ ರೈತನ ಕೈಗೆ ರೊಕ್ಕ ತರುತ್ತದೆ. ಆದರೆ ಅದರ ಕಟ್ಟಿಗೆಯಂಥ ಕಾಂಡವನ್ನು ದನ ಇಷ್ಟಪಟ್ಟು ತಿನ್ನುವುದಿಲ್ಲ, ಹೊಟ್ಟೆ ತುಂಬಿಸುವುದಕ್ಕೂ ಅದು ಕಣಿಕೆಯ ಸಮಕ್ಕೆ ಬಾರದು. ಕಬ್ಬಿನ ಸೋಗೆ ಹಸುರಾಗಿ ರಾಶಿ ರಾಶಿಯಾಗಿ ಸಿಗುತ್ತದೆ. ಅದರಲ್ಲಿ ಪ್ರೋಟೀನು ಬಹು ಕಡಿಮೆ. ಸೋಗೆಯೊಂದನ್ನೇ ನಂಬಿದ ಹಿಂಡುವ ಪ್ರಾಣಿ ಮೈಯನ್ನೂ ಹಾಲನ್ನೂ ಇಳಿಸಿಕೊಳ್ಳುತ್ತದೆ. ಸೋಗೆಯ ಜೊತೆ ಕಾಳಿನ ಹೊಟ್ಟೂ ಹಿಂಡಿಯೂ ಬಿದ್ದರೆ ಮಾತು ಬೇರೆ. ನಾನು ಸೋಯಾ ಬಿತ್ತಬೇಡಿರಿ, ಕಬ್ಬು ಹಚ್ಚಬೇಡಿರಿ ಎಂದು ಹೇಳುವವನಲ್ಲ. ಹೊಲದ ಒಂದು ಮೂಲೆಯಲ್ಲಿ ಜೋಳವೂ ಮೇವಿನ ಬೆಳೆಯೂ ಇರಲಿ, ಗೋದಲಿ ಒಂದೇ ಬೆಳೆಯ ಪಾಲಾಗದಿರಲಿ ಎಂದಷ್ಟೇ ಹೇಳುತ್ತೇನೆ. ಜೋಳವನ್ನು ಹಸಿಯಾಗಿ ಹಾಕುವವರು ಒಂದು ಎಚ್ಚರಿಕೆ ವಹಿಸಬೇಕು: ಎಳೆಯ ಪೈರಿನಲ್ಲಿಯೂ, ಬರಗಾಲದಲ್ಲಿ ಒಣಗಿ ಮತ್ತೆ ಚಿಗುರಿದ ಕೂಳೆಯಲ್ಲಿಯೂ ವಿಷವಿರುತ್ತದೆ, ಅದನ್ನು ಮೇದ ದನ ನಿಂತಲ್ಲಿಯೇ ಬೀಳಬಹುದು. ತೆನೆ ಬಿಡುವ ಕಾಲಕ್ಕೆ ಆ ಭಯ ಇಳಿಯುತ್ತದೆ.

ಬದುವಿನ ಹುಲ್ಲಿಗೂ ಒಬ್ಬ ಶತ್ರು ಬಂದಿದ್ದಾನೆ. ಪಾರ್ಥೇನಿಯಂ ಎಂಬ ಕಳೆ, ಜನರ ಬಾಯಲ್ಲಿ ಕಾಂಗ್ರೆಸ್ ಹುಲ್ಲು, 1950ರ ದಶಕದಲ್ಲಿ ಪುಣೆಯ ಬಳಿ ಕಣ್ಣಿಗೆ ಬಿದ್ದು ಮುಂದೆ ದೇಶವನ್ನೆಲ್ಲ ಹಬ್ಬಿತು. ಹಸಿದ ದನ ಬೇರೆ ಹುಲ್ಲಿನ ಜೊತೆ ಇದನ್ನೂ ಮೇಯುತ್ತದೆ. ಆಗ ಹಾಲು ಕಹಿಯಾಗುತ್ತದೆ. ಲೋಟದಲ್ಲಿ ಹೇಗೋ ಕುಡಿದು ನುಂಗಬಹುದಾದ ಆ ಕಹಿ ಪನೀರಿನಲ್ಲಿ ಸಹಿಸಲಾಗದಂತಾಗುತ್ತದೆ. ಕಳೆ ಹೂ ಬಿಡುವ ಮುಂಚೆ, ಕೈಗೆ ಚೀಲ ಕಟ್ಟಿಕೊಂಡು ಬೇರುಸಹಿತ ಕಿತ್ತರೆ ಬದುವೂ ಉಳಿಯುತ್ತದೆ, ಹಾಲೂ ಉಳಿಯುತ್ತದೆ.

ಮೇವಿನ ವಿಷಯದಲ್ಲಿ ಬೇರೆ ದೇಶದವರು ಎಷ್ಟು ಕಟ್ಟುನಿಟ್ಟು ಎಂಬುದಕ್ಕೆ ಇಟಲಿಯ ಪಾರ್ಮಿಜಾನೊ ಚೀಸಿನ ಉದಾಹರಣೆಯೊಂದೇ ಸಾಕು. ಕಡಿಮೆಯೆಂದರೆ ಹನ್ನೆರಡು ತಿಂಗಳು ಮಾಗಬೇಕಾದ ಚೀಸ್ ಅದು. ಅದಕ್ಕೆ ಹಾಲು ಕೊಡುವ ಆಕಳುಗಳಿಗೆ ಹುದುಗಿಸಿದ ರಸಮೇವನ್ನು ಹಾಕಲೇಬಾರದೆಂದು ಅಲ್ಲಿಯ ನಿಯಮ; ಹಸಿ ಹುಲ್ಲು, ಒಣ ಹುಲ್ಲುಗಳೇ ಮುಖ್ಯ. ಕಾರಣವಿಷ್ಟೆ: ರಸಮೇವಿನೊಡನೆ ಬರುವ ಒಂದು ಸೂಕ್ಷ್ಮಜೀವಿಯ ಬೀಜಕಣಗಳು ಹಾಲಿಗೆ ಸೇರಿದರೆ, ತಿಂಗಳುಗಟ್ಟಲೆ ಕಳೆದ ಮೇಲೆ ಚೀಸಿನೊಳಗೆ ವಾಯು ಹುಟ್ಟಿ, ಗಟ್ಟಿ ಉಬ್ಬಿ ಬಿರಿದು ದುರ್ವಾಸನೆ ಬರುತ್ತದೆ. ಇಂದು ಗೋದಲಿಯಲ್ಲಿ ಆದ ತಪ್ಪು ಮುಂದಿನ ವರ್ಷ ಉಗ್ರಾಣದಲ್ಲಿ ಹೊರಬೀಳುತ್ತದೆ. ಆಲ್ಪ್ಸ್ ಬೆಟ್ಟಗಳವರು ಬೇಸಗೆಯಲ್ಲಿ ದನಗಳನ್ನು ಎತ್ತರದ ಹುಲ್ಲುಗಾವಲಿಗೆ ಹೊಡೆದು, ಅಲ್ಲಿಯ ಬಗೆಬಗೆಯ ಗಿಡಮೂಲಿಕೆ ಮೇಯಿಸಿ, ಆ ಹಾಲಿನ ಚೀಸಿಗೆ ಬೇರೆ ಹೆಸರು, ಬೇರೆ ಬೆಲೆ ಇಟ್ಟಿದ್ದಾರೆ. ಫ್ರಾನ್ಸಿನಲ್ಲಿ ಕುರಿಯ ಹಾಲಿನಿಂದಾಗುವ ರೋಕ್‌ಫೋರ್ ಚೀಸಿನ ಹೆಸರನ್ನು 1925ರಲ್ಲಿಯೇ ಕಾನೂನಿನಿಂದ ಕಾಪಾಡಿದರು. ನಮ್ಮಲ್ಲಿಯೂ ಇದಕ್ಕೆ ಸಮೀಪದ ಉದಾಹರಣೆ ಇಲ್ಲದಿಲ್ಲ: ಧಾರವಾಡದ ಪೇಢೆಗೆ ಊರಿನ ಹೆಸರಿನೊಡನೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ.

ಇಷ್ಟು ಹೇಳಿದ ಮೇಲೆ ನಾಲಿಗೆಯ ಮಿತಿಯನ್ನೂ ಹೇಳಬೇಕು. ಗೋದಲಿಯಿಂದ ಹಾಲಿಗೆ ಬರುವುದೆಲ್ಲ ರುಚಿಯಿಂದ ತಿಳಿಯುವುದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದಾಗ ಅವುಗಳಿಗೆ ಹಾಕಿದ ಸೇಂಗಾ ಹಿಂಡಿಯಲ್ಲಿ ಬೂಷ್ಟು ಬೆಳೆದು ವಿಷ ಹುಟ್ಟಿದ್ದು ತಿಳಿಯಿತು. ಅದಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಬೂಷ್ಟು ಹಿಡಿದ ಹಿಂಡಿಯನ್ನು ಎಮ್ಮೆ ತಿಂದರೆ ಒಂದೇ ದಿನದಲ್ಲಿ ಆ ವಿಷದ ಒಂದು ರೂಪ ಹಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಾಯಿಸಿದರೂ ಹೋಗುವುದಿಲ್ಲ. ಹಾಲಿನ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಪನೀರು ಚೀಸುಗಳಲ್ಲಿ ಇನ್ನೂ ದಟ್ಟವಾಗುತ್ತದೆ. ನಮ್ಮ ದೇಶದ ನಿಯಮದಂತೆ ಒಂದು ಕಿಲೋ ಹಾಲಿನಲ್ಲಿ ಅರ್ಧ ಮೈಕ್ರೋಗ್ರಾಂ, ಎಂದರೆ ಒಂದು ಗ್ರಾಮಿನ 20 ಲಕ್ಷದಲ್ಲಿ ಒಂದು ಭಾಗ, ಅದರ ಮಿತಿ. ಇಷ್ಟು ಸೂಕ್ಷ್ಮವಾದುದನ್ನು ತಡೆಯುವ ಉಪಾಯ ಮಾತ್ರ ಸರಳ: ಹಿಂಡಿಯ ಚೀಲವನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡುವುದು, ಮಳೆಗಾಲದಲ್ಲಿ ಹನಿ ಬೀಳದಂತೆ ಕಾಯುವುದು, ಮುಗ್ಗಿದ ಹಿಂಡಿಯನ್ನು ದನಕ್ಕೆ ಹಾಕದೆ ತಿಪ್ಪೆಗೆ ಹಾಕುವುದು. "ಮನುಷ್ಯರಿಗೆ ಬೇಡಾದರೆ ಎಮ್ಮೆಗೆ ಇರಲಿ" ಎಂದು ಮುಗ್ಗಲು ಕಾಳನ್ನು ಬಕೆಟ್ಟಿಗೆ ಸುರಿಯುವುದು ಮಿತವ್ಯಯವಲ್ಲ. ಎಮ್ಮೆಗೆ ಹಾಕಿದುದು ಮರುದಿನ ಮಗುವಿನ ಲೋಟಕ್ಕೇ ಬರುತ್ತದೆ.

ಇನ್ನು ನಮ್ಮದೇ ಆದ ಒಂದು ಆಕಳಿನ ಮಾತು. ದೇವಣಿ ತಳಿಯನ್ನು ನೀವು ನೋಡಿರಬಹುದು: ಬಿಳಿಯ ಮೈ, ಜೋಲುಕಿವಿ, ಅಗಲವಾದ ಹಣೆ. ಮೈಯೆಲ್ಲ ಬಿಳಿಯಾದುದು ಬಾಳಂಕ್ಯಾ. ಮುಖದ ಪಕ್ಕ ಕಪ್ಪಿದ್ದುದು ವನ್ನೇರಾ. ಬಿಳಿಯ ಮೇಲೆ ಕಪ್ಪು ಮಚ್ಚೆಗಳಿದ್ದುದು ವಾಘ್ಯಾ. ದೇವಣಿ ಎಂಬ ಊರು ಇಂದು ಮಹಾರಾಷ್ಟ್ರದ ಲಾತೂರ ಜಿಲ್ಲೆಯಲ್ಲಿದೆ. ಹೈದರಾಬಾದ ಸಂಸ್ಥಾನದಲ್ಲಿ ಉದಗೀರವೂ ಬೀದರವೂ ಒಂದೇ ಜಿಲ್ಲೆಯಾಗಿದ್ದವು. 1956ರ ರಾಜ್ಯ ಪುನರ್ವಿಂಗಡಣೆ ಜಿಲ್ಲೆಯನ್ನು ಒಡೆಯಿತು, ದನದ ತಳಿಯನ್ನು ಒಡೆಯಲಿಲ್ಲ. ಗಡಿಯ ಎರಡೂ ಕಡೆ ಅದೇ ಆಕಳು, ಅದೇ ಎತ್ತು. ಎತ್ತು ಉಳುಮೆಗೂ, ಆಕಳು ಹಾಲಿಗೂ ಒದಗುವ ತಳಿ ಇದು. ಒಂದು ಸೂಲಿಗೆ ಸರಾಸರಿ 800-900 ಕಿಲೋ ಹಾಲು, ಕೊಬ್ಬು ನೂರಕ್ಕೆ ನಾಲ್ಕಕ್ಕಿಂತ ಸ್ವಲ್ಪ ಮೇಲೆ. ಹಾಲಿನ ಅಳತೆಯಲ್ಲಿ ವಿದೇಶಿ ಮಿಶ್ರತಳಿಯ ಮುಂದೆ ಅದು ನಿಲ್ಲಲಾರದು. ಒಣ ಕಣಿಕೆಯ ಮೇಲೆ, ಈ ಬಿಸಿಲಿನಲ್ಲಿ, ಮೇಯಲು ನಡೆದು ಹೋಗಿ ಹಾಲು ಕೊಡುವ ಗುಣದಲ್ಲಿ ಮಿಶ್ರತಳಿ ಅದರ ಮುಂದೆ ನಿಲ್ಲಲಾರದು. ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಈ ತಳಿಯನ್ನು ಉಳಿಸುವ ಕೆಲಸ ಅಲ್ಲಿ ನಡೆದಿದೆ. ಆದರೆ ವಿಶ್ವವಿದ್ಯಾಲಯವೊಂದರಿಂದಲೇ ತಳಿ ಉಳಿಯುವುದಿಲ್ಲ. ಟ್ರ್ಯಾಕ್ಟರು ಬಂದು ಎತ್ತಿನ ಕೆಲಸ ಹೋಯಿತು. ಎತ್ತಿನ ಕೆಲಸ ಹೋದ ಮೇಲೆ ಆಕಳನ್ನು ಸಾಕುವ ಒಂದು ಕಾರಣವೂ ಹೋಯಿತು. ಉಳಿದಿರುವ ಕಾರಣ ಹಾಲು. ಆ ಹಾಲಿಗೆ ಲೀಟರಿನ ಲೆಕ್ಕವೊಂದೇ ಬೆಲೆಯಾದರೆ ದೇವಣಿ ಸೋಲುತ್ತದೆ. ರುಚಿಗೂ ಒಂದು ಬೆಲೆ ಹುಟ್ಟಿದರೆ ಉಳಿಯುತ್ತದೆ.

ಇಲ್ಲಿಯೇ ಪಟ್ಟಣದಲ್ಲಿರುವ ನಿಮ್ಮ ಪಾಲು ಇರುವುದು. ಊರೂರಿನ ಹಾಲು ಡೇರಿಗೆ ಬರುತ್ತದೆ. ಕೊಬ್ಬನ್ನೂ ಉಳಿದ ಘನಾಂಶವನ್ನೂ ಅಳೆದು ಬೆಲೆ ಕಟ್ಟುತ್ತಾರೆ. ಎಲ್ಲವನ್ನೂ ಒಂದೇ ತೊಟ್ಟಿಯಲ್ಲಿ ಕೂಡಿಸುತ್ತಾರೆ. ಈ ವ್ಯವಸ್ಥೆಯಿಂದ ಸಣ್ಣ ರೈತನಿಗೆ ವಾರವಾರ ರೊಕ್ಕ ಸಿಗುತ್ತದೆ, ನಿಮಗೆ ನಂಬಿಕೆಯ ಹಾಲು ಸಿಗುತ್ತದೆ. ಇದು ಸಣ್ಣ ಉಪಕಾರವಲ್ಲ. ಆದರೆ ನೂರು ಗೋದಲಿಗಳ ಹಾಲು ಬೆರೆತಾಗ ಒಂದು ಗೋದಲಿಯ ರುಚಿ ಎದ್ದು ಕಾಣುವುದಿಲ್ಲ. ಒಳ್ಳೆಯ ಮೇವು ಹಾಕಿದವನಿಗೂ ಸೋಗೆ ಹಾಕಿದವನಿಗೂ ಕೊಬ್ಬಿನ ಅಂಕಿ ಒಂದೇ ಬಂದರೆ ಬೆಲೆಯೂ ಒಂದೇ. ಹೀಗಿರುವಾಗ ರುಚಿಯನ್ನು ಕೇಳುವವರು ಯಾರು? ಮನೆಯವರೇ ಕೇಳಬೇಕು. ದಿನದ ಹಾಲು ಡೇರಿಯದೇ ಇರಲಿ. ತುಪ್ಪಕ್ಕೆ, ಹಬ್ಬದ ಖವಾಕ್ಕೆ, ವಾರಕ್ಕೊಮ್ಮೆ ಮಾಡುವ ಪನೀರಿಗೆ ಬೇಕಾದ ಹಾಲನ್ನು ಪರಿಚಿತ ಗೌಳಿಗರಿಂದಲೋ ರೈತರಿಂದಲೋ ಕೊಳ್ಳಬಹುದು.

ನಾನು ಹೇಳಿದುದನ್ನು ನಂಬಬೇಕೆಂದೇನೂ ಇಲ್ಲ, ಮನೆಯಲ್ಲಿಯೇ ಪರೀಕ್ಷಿಸಿರಿ. ಎರಡು ಮನೆಗಳ ಹಾಲನ್ನು ಒಂದೊಂದು ಲೀಟರ್ ತನ್ನಿರಿ. ಎರಡೂ ಎಮ್ಮೆಯದೇ ಇರಲಿ, ಅಥವಾ ಎರಡೂ ಆಕಳದೇ ಇರಲಿ. ಮೇವು ಮಾತ್ರ ಬೇರೆಯಿರಲಿ. ಬೇರೆ ಬೇರೆ ಪಾತ್ರೆಗಳಲ್ಲಿ ಚೆನ್ನಾಗಿ ಕುದಿಸಿರಿ. ಹಸಿಯ ಹಾಲಿನಿಂದ ರೋಗ ಬರುವ ಭಯವುಂಟಾದ್ದರಿಂದ ಕುದಿಸುವುದನ್ನು ಎಂದೂ ಬಿಡಕೂಡದು. ಕೆಳಗಿಳಿಸಿ, ಕುದಿ ನಿಂತ ಮೇಲೆ ಎರಡಕ್ಕೂ ಅಳತೆ ಮಾಡಿ ಒಂದೇ ಪ್ರಮಾಣದ ನಿಂಬೆಯ ರಸ ಹಿಂಡಿರಿ. ಒಡೆದ ಹಾಲನ್ನು ತೆಳುವಾದ ಬಟ್ಟೆಯಲ್ಲಿ ಸೋಸಿ, ತಣ್ಣೀರಿನಲ್ಲಿ ತೊಳೆದು, ಕಟ್ಟಿ ತೂಗುಹಾಕಿರಿ. ಒಂದು ಗಂಟೆಯ ಬಳಿಕ ಉಪ್ಪು ಖಾರವಿಲ್ಲದೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ರುಚಿ ನೋಡಿರಿ. ಫ್ರಿಜ್ಜಿನಿಂದ ತೆಗೆದ ಕೂಡಲೇ ನೋಡಬೇಡಿರಿ. ತಂಪು ರುಚಿಯನ್ನು ಮುಚ್ಚುತ್ತದೆ. ಮಕ್ಕಳಿಗೆ ಹೆಸರು ಹೇಳದೆ ಕೊಟ್ಟು ಕೇಳಿರಿ. ಅವರ ನಾಲಿಗೆ ನಮ್ಮದಕ್ಕಿಂತ ಚುರುಕು. ಸೋಸಿದ ತಿಳಿನೀರನ್ನು ಚೆಲ್ಲದೆ ಕಣಕ ನಾದಲು ಬಳಸಬಹುದು.

ಗಿಣ್ಣದ ವಿಷಯವಾಗಿಯೂ ಒಂದು ಮಾತು ಉಳಿದಿದೆ. ಈದ ಪ್ರಾಣಿಯ ಮೊದಲ ಹಾಲಿನಲ್ಲಿ ರೋಗವನ್ನು ತಡೆಯುವ ಶಕ್ತಿ ತುಂಬಿರುತ್ತದೆ. ಅದು ಕರುವಿನ ಮೈಗೆ ಸೇರುವುದು ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ. ದಿನ ಕಳೆದರೆ ಕರುವಿನ ಕರುಳು ಅದನ್ನು ಒಳಗೆ ಬಿಡುವುದಿಲ್ಲ. ಹುಟ್ಟಿದ ಕೂಡಲೆ ಕರುವಿಗೆ ಹೊಟ್ಟೆ ತುಂಬ ಕುಡಿಸಿ, ಉಳಿದುದರಲ್ಲಿ ಮಾತ್ರ ನಮ್ಮ ಪಾಲು. ಗಿಣ್ಣದ ಹಾಲನ್ನು ಬೆಲೆ ಕೊಟ್ಟು ತರುವವರು, ಕರು ಕುಡಿಯಿತೇ ಎಂದು ಕೇಳಿ ತರಬೇಕು. ಇಂದಿನ ಕರುವೇ ಮುಂದೆ ಹಿಂಡುವ ಆಕಳು.

ಹಾಲು ಕೊಳ್ಳುವಾಗ ನಾವೆಲ್ಲರೂ ಕೇಳುವ ಪ್ರಶ್ನೆ ಒಂದೇ: ನೀರು ಹಾಕಿದ್ದಾರೆಯೋ ಹೇಗೆ? ಈ ಪ್ರಶ್ನೆಯಲ್ಲಿ ಸಂಶಯವಿದೆ. ಕೇಳಿಸಿಕೊಂಡವರ ಮುಖ ಸಣ್ಣದಾಗುತ್ತದೆ. ನಾಳೆ ಬೆಳಿಗ್ಗೆ ಗೌಳಿಗರು ಬಾಗಿಲಿಗೆ ಬಂದಾಗ ಇನ್ನೊಂದು ಪ್ರಶ್ನೆ ಕೇಳಿ ನೋಡಿರಿ: "ಕಾಕಾ, ಎಮ್ಮಿಗಿ ಏನ್ ಹಾಕ್ತೀರಿ?" ಕಣಿಕೆ ಎಷ್ಟು, ಹಿಂಡಿ ಯಾವುದು, ಹುಲ್ಲು ಎಲ್ಲಿಯದು ಎಂದು ಅವರು ನಿಂತು ಹೇಳುತ್ತಾರೆ. ಉತ್ತರ ಚೆನ್ನಾಗಿದ್ದರೆ ಲೀಟರಿಗೆ ಎರಡು ರೂಪಾಯಿ ಹೆಚ್ಚು ಕೊಡಿರಿ. ಮೇವಿಗೆ ಬೆಲೆಯಿದೆಯೆಂದು ತಿಳಿದ ಮನೆಯಲ್ಲಿ ಮುಂದಿನ ಹಿಂಗಾರಿಗೆ ಒಂದು ಪಟ್ಟಿ ಜೋಳ ಹೆಚ್ಚು ಬಿತ್ತಿಯಾರು.